ಖಾಲಿ ಮನೆ ಐತೆ: ಒಂದು ಹಾಡು ಕಟ್ಟಿದ ಬಗೆ

ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರ ಜಾತಿಯನ್ನು ಓನರು ನೇರವಾಗಿ ಕೇಳುವುದು ಕಡಿಮೆ. ಪೂರ್ತಿ ಹೆಸರೇನು, ಯಾವ ಊರು, ಊರಲ್ಲಿ ಮನೆ ಯಾವ ಕಡೆ, ಮನೆದೇವರು ಯಾವುದು, ವೆಜ್ಜಾ ನಾನ್‌ವೆಜ್ಜಾ ಅಂತ ಸುತ್ತಿ ಬಳಸಿ ಬರುತ್ತಾರೆ. ಉತ್ತರ ಸಿಕ್ಕ ಮೇಲೆ ‘ನಿನ್ನೆನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರು’ ಎಂಬ ಮಾತು. ಟು-ಲೆಟ್ ಬೋರ್ಡು ಮಾತ್ರ ಗೇಟಿಗೆ ನೇತಾಡುತ್ತಲೇ ಇರುತ್ತದೆ. ಈ ವಸ್ತುವಿನ ಮೇಲೆ ಕಟ್ಟಿದ ಹಾಡು ಕಾಗದದಿಂದ ತಮಟೆಗೆ, ಅಲ್ಲಿಂದ ರೆಕಾರ್ಡಿಂಗಿಗೆ, ಆಮೇಲೆ ವೇದಿಕೆಗೆ ಹೇಗೆ ಬಂತು ಎಂಬುದನ್ನು ಇಲ್ಲಿ ಬರೆದಿದ್ದೇವೆ. ಬರೆದು ಹಾಡುವವರು ಒಬ್ಬರು, ತಮಟೆಗೆ ಇಬ್ಬರು, ಗಿಟಾರಿಗೆ ಒಬ್ಬರು, ರೆಕಾರ್ಡಿಂಗ್ ಮೇಜಿನ ಮುಂದೆ ಒಬ್ಬರು. ಇಷ್ಟೇ ತಂಡ.

ಇಂಥ ಹಾಡು ಕೆಡುವುದು ದೊಡ್ಡ ಪದಗಳಿಂದ. ಸಮಾನತೆ, ಶೋಷಣೆ, ಮಾನವೀಯತೆ ಇವೆಲ್ಲ ಭಾಷಣದಲ್ಲಿ ಚೆನ್ನ. ಹಾಡಿನಲ್ಲಿ ಬಂದರೆ ಕೇಳುವವರು ತಲೆಯಾಡಿಸುತ್ತಾರೆ, ಆದರೆ ಯಾರಿಗೂ ಏನೂ ಚುಚ್ಚುವುದಿಲ್ಲ. ಅದಕ್ಕೆ ಹಾಕಿಕೊಂಡ ನಿಯಮ ಒಂದೇ: ಮನೆ ಓನರು ಮತ್ತು ಮನೆ ಕೇಳಲು ಬಂದವನು ಗೇಟಿನ ಹತ್ತಿರ ನಿಂತು ಆಡದ ಮಾತು ಹಾಡಿನಲ್ಲಿ ಇರಕೂಡದು. ಈ ಜರಡಿ ಹಿಡಿದಾಗ ಮೊದಲ ಕರಡಿನಲ್ಲಿ ಅರ್ಧ ಉದುರಿಹೋಯಿತು. ಉಳಿದದ್ದು ಪ್ರಶ್ನೆಗಳು. ಒಂದು ಚರಣಕ್ಕೆ ಎರಡು ಪ್ರಶ್ನೆ, ಎರಡು ಉತ್ತರ.

ಬೈಗುಳವನ್ನು ಹಾಡಿಗೆ ತರಬಹುದೇ ಎಂಬ ಪ್ರಶ್ನೆ ಈ ಬಗೆಯ ಹಾಡು ಬರೆಯುವ ಎಲ್ಲರಿಗೂ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಇದೆ. 1975ರಲ್ಲಿ ಕವಿ ಸಿದ್ಧಲಿಂಗಯ್ಯ ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದೇ ಹೆಸರಿಟ್ಟರು, ಇತರರು ಬೈಯಲು ಬಳಸುತ್ತಿದ್ದ ಹೆಸರನ್ನೇ ಮುಖಪುಟಕ್ಕೆ ತಂದರು. ಆದರೆ ಪುಸ್ತಕದ ಹೆಸರಿಗೂ ಪಲ್ಲವಿಗೂ ವ್ಯತ್ಯಾಸವಿದೆ. ಪಲ್ಲವಿಯನ್ನು ಸಭೆಯೇ ಹಾಡುತ್ತದೆ. ಬೈಗುಳ ಅಲ್ಲಿದ್ದರೆ ಐನೂರು ಜನ ಒಟ್ಟಿಗೆ ಅದನ್ನೇ ಕೂಗಿದ ಹಾಗಾಗುತ್ತದೆ, ಕೂಗುವವರಲ್ಲಿ ಯಾರ್‍ಯಾರು ಇದ್ದಾರೋ ಗೊತ್ತಿರುವುದಿಲ್ಲ. ಆದ್ದರಿಂದ ಅಂಥ ಪದ ಬರಲೇಬೇಕಾದರೆ ಚರಣದಲ್ಲಿ, ಪಾತ್ರದ ಬಾಯಲ್ಲಿ, ಮುಖ್ಯ ಗಾಯಕರೊಬ್ಬರೇ ಹಾಡುವ ಸಾಲಿನಲ್ಲಿ ಬರಬೇಕು. ಈ ಹಾಡಿಗೆ ಅದರ ಅಗತ್ಯವೇ ಬೀಳಲಿಲ್ಲ. ಓನರು ಬೈಯುವುದಿಲ್ಲ, ಕಾಫಿ ಬೇಕಾ ಅಂತಲೂ ಕೇಳುತ್ತಾನೆ. ಮನೆ ಮಾತ್ರ ಕೊಡುವುದಿಲ್ಲ.

ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಪದ್ಧತಿಯ ಬಗ್ಗೆಯೂ ಒಂದು ಚರಣವಿತ್ತು, ತೆಗೆದೆವು. ಸಾಲು ಚೆನ್ನಾಗಿಯೇ ಇತ್ತು, ಆದರೆ ಅಡ್ವಾನ್ಸಿನ ಕಷ್ಟ ಎಲ್ಲ ಬಾಡಿಗೆದಾರರದ್ದೂ ಹೌದು. ಅದು ಬಂದ ಕೂಡಲೇ ಕೇಳುವವರು ‘ನಮಗೂ ಇದೇ ಗೋಳು’ ಎಂದು ನಗುತ್ತಾರೆ, ಹಾಡಿನ ಮೊನೆ ಅಲ್ಲಿಗೆ ಮೊಂಡಾಗುತ್ತದೆ. ಮುಸ್ಲಿಮರಿಗೆ, ಈಶಾನ್ಯ ರಾಜ್ಯದವರಿಗೆ, ಒಂಟಿ ಹೆಣ್ಣುಮಕ್ಕಳಿಗೆ ಮನೆ ಸಿಗದಿರುವುದನ್ನೂ ಸೇರಿಸಿ ಎಂಬ ಸಲಹೆ ಬಂತು. ಎಲ್ಲವೂ ನಿಜ. ಆದರೆ ಒಂದೇ ಹಾಡಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಅದು ಹಾಜರಿ ಪುಸ್ತಕವಾಗುತ್ತದೆ. ಅವರವರಿಗೆ ಕೇಳುವ ಪ್ರಶ್ನೆಗಳೇ ಬೇರೆ, ಹಾಡೂ ಬೇರೆಯೇ ಆಗಬೇಕು.

ಇನ್ನು ಮಾತ್ರೆಯ ಲೆಕ್ಕ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಲೆಕ್ಕ: ಗಿಡ್ಡ ಅಕ್ಷರ (ಲಘು) ಒಂದು ಮಾತ್ರೆ, ಉದ್ದದ್ದು (ಗುರು) ಎರಡು. ಹಾಡು ಬರೆಯುವವರು ಇದನ್ನು ಶಾಲೆಯ ವ್ಯಾಕರಣ ಎಂದು ತಳ್ಳಿಹಾಕುತ್ತಾರೆ, ಆಮೇಲೆ ತಮಟೆಯವರ ಮುಂದೆ ಒದ್ದಾಡುತ್ತಾರೆ. ಮೊದಲು ಬಂದ ಸಾಲು ‘ಮನೆ ಖಾಲಿ ಐತೆ, ಬೋರ್ಡು ಹೇಳ್ತೈತೆ’. ಎರಡೂ ತುಂಡಿನಲ್ಲಿ ಎಂಟೆಂಟು ಮಾತ್ರೆ, ಲೆಕ್ಕ ಸರಿ. ಆದರೂ ತಮಟೆ ಶುರುವಾದರೆ ಮೊದಲ ತುಂಡು ಎಡವುತ್ತಿತ್ತು. ಕಾರಣ ಒಳಗಿನ ಗಣ, ಅಂದರೆ ಮಾತ್ರೆಗಳ ಗುಂಪು. ‘ಬೋರ್ಡು ಹೇಳ್ತೈತೆ’ ಒಡೆಯುವುದು ಮೂರು, ಎರಡು, ಮೂರು ಎಂದು: ಬೋರ್ಡು, ಹೇಳ್, ತೈತೆ. ‘ಮನೆ ಖಾಲಿ ಐತೆ’ ಒಡೆಯುವುದು ಎರಡು, ಮೂರು, ಮೂರು. ತಮಟೆಯ ದಪ್ಪ ಕಡ್ಡಿ 1, 4, 6ನೇ ಮಾತ್ರೆಗೆ ಬೀಳುತ್ತದೆ. ಅಂದರೆ ನಾಲ್ಕನೇ ಮಾತ್ರೆಯ ಪೆಟ್ಟು ‘ಖಾ’ ಅಕ್ಷರದ ನಡುವೆ ಬಿದ್ದು ಅದನ್ನು ಸೀಳುತ್ತಿತ್ತು. ಪದ ಹಿಂದುಮುಂದು ಮಾಡಿ ‘ಖಾಲಿ ಮನೆ ಐತೆ’ ಅಂದ ಕೂಡಲೇ ಸರಿಹೋಯಿತು. ಪಲ್ಲವಿ ನಿಂತದ್ದು ಹೀಗೆ:

ಖಾಲಿ ಮನೆ ಐತೆ, ಬೋರ್ಡು ಹೇಳ್ತೈತೆ
ಹೆಸರು ಕೇಳುತ್ಲೆ, ಭರ್ತಿ ಆಗ್ತೈತೆ

ನಾಲ್ಕು ತುಂಡಿಗೂ ಒಂದೇ ನಡೆ. ಚರಣಗಳಿಗೂ ಅದೇ ಅಚ್ಚು:

ಊರು ಯಾವ್ದಂದ್ರು, ಹೇಳ್ದೆ ಕೋಲಾರ
ಕೇರಿ ಯಾವ್ದಂದ್ರು, ಬಾಯಿ ಒಣಗೋಯ್ತು

ಅಡುಗೆ ಏನಂದ್ರು, ಬೇಳೆ ಸಾರಂದೆ
ಫೋಟೊ ಯಾರ್ದಂದ್ರು, ಬಾಬಾಸಾಹೇಬ್

ಕೊನೆಯ ತುಂಡಿನಲ್ಲಿ ಲೆಕ್ಕ ಬೇಕೆಂದೇ ಮುರಿದಿದೆ. ‘ಬಾಬಾಸಾಹೇಬ್’ ಎಂಬುದರಲ್ಲಿಯೂ ಎಂಟೇ ಮಾತ್ರೆ, ಆದರೆ ನಾಲ್ಕು ಗುರುಗಳು ಒಂದರ ಪಕ್ಕ ಒಂದು. ಅಷ್ಟು ಹೊತ್ತು ಕುಣಿಯುತ್ತಿದ್ದ ನಡೆ ಅಲ್ಲಿ ನೆಟ್ಟಗೆ ನಿಲ್ಲುತ್ತದೆ. ತಮಟೆಯ ತೆಳು ಕಡ್ಡಿ ಸುಮ್ಮನಾಗಿ ದಪ್ಪ ಕಡ್ಡಿ ಮಾತ್ರ 1, 3, 5, 7ಕ್ಕೆ ಬೀಳುತ್ತದೆ. ಈ ಸಾಲಿನ ಪ್ರಶ್ನೆ ಮೊದಲು ‘ದೇವ್ರು ಯಾರಂದ್ರು’ ಎಂದಿತ್ತು, ಮಾತ್ರೆಗೂ ಕೂರುತ್ತಿತ್ತು. ಅದನ್ನು ಬಿಟ್ಟದ್ದಕ್ಕೆ ಕಾರಣ ಅಂಬೇಡ್ಕರರೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದವರು ಅವರು. ಅವರನ್ನೇ ದೇವರ ಜಾಗದಲ್ಲಿ ಕೂರಿಸಿ ಅವರ ಹಾಡು ಹಾಡುವುದು ಸರಿ ಕಾಣಲಿಲ್ಲ. ಜೊತೆಗೆ ಫೋಟೊ ಕಣ್ಣಿಗೆ ಕಾಣುವ ವಸ್ತು. ಮನೆ ಸಾಮಾನಿನ ಟೆಂಪೋದಲ್ಲಿ ಹಾಸಿಗೆ ಮೇಲೆ ಇಟ್ಟ ಚೌಕಟ್ಟು ನೋಡಿ ಓನರು ಕೇಳುವ ಪ್ರಶ್ನೆ ಅದು.

ರಾಗಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಸ ರಿ ಮ ಪ ನಿ, ಮಧ್ಯಮಾವತಿಯ ಐದು ಸ್ವರ, ಜನಪದ ಧಾಟಿಗಳಲ್ಲಿ ಕಿವಿಗೆ ಬಿದ್ದೇ ಇರುವ ನೆರಳು. ಪ್ರಶ್ನೆಯ ತುಂಡುಗಳು ರಿ ಅಥವಾ ಪ ಮೇಲೆ ನಿಲ್ಲುತ್ತವೆ, ಉತ್ತರ ಸ ಕಡೆ ಇಳಿಯುತ್ತದೆ. ‘ಬಾಯಿ ಒಣಗೋಯ್ತು’ ಒಂದು ಮಾತ್ರ ರಿಯಲ್ಲೇ ನೇತಾಡುತ್ತದೆ, ಏಕೆಂದರೆ ಅದು ಉತ್ತರವೇ ಅಲ್ಲ. ‘ಬಾಬಾಸಾಹೇಬ್’ ನಾಲ್ಕೂ ಅಕ್ಷರ ಮೇಲಿನ ಸ ಮೇಲೆ. ಪಲ್ಲವಿಯನ್ನು ಸ ದಿಂದ ಪ ಒಳಗೇ ಕಟ್ಟಬೇಕು, ಅದು ಸಭೆಯ ಗಂಟಲು. ಶ್ರುತಿ ಬಿಳಿ ಎರಡು, ಗಿಟಾರಿನವರ ಲೆಕ್ಕದಲ್ಲಿ ಡಿ. ಗಂಡಸರು ಕೆಳಗಿನ ಸ್ಥಾಯಿಯಲ್ಲಿ, ಹೆಂಗಸರು ಅದರ ಮೇಲಿನದರಲ್ಲಿ ಕಷ್ಟವಿಲ್ಲದೆ ಹಾಡುತ್ತಾರೆ. ಗಾಯಕರ ದನಿಗೆ ಹೊಂದುತ್ತದೆಂದು ಶ್ರುತಿಯನ್ನು ಎತ್ತಿದರೆ ಎರಡನೇ ಸಲಕ್ಕೆ ಸಭೆ ಬಾಯಿ ಮುಚ್ಚುತ್ತದೆ.

ಗಿಟಾರಿನಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಶ್ರುತಿ ಡಿ ಅಂದ ಕೂಡಲೇ ಕೈ ತಾನಾಗಿ ಡಿ ಮೇಜರ್ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿಯುತ್ತದೆ. ಅದರಲ್ಲಿ ಎಫ್ ಶಾರ್ಪ್ ಇದೆ, ಅಂದರೆ ಅಂತರ ಗಾಂಧಾರ. ಈ ಧಾಟಿಯಲ್ಲಿ ಗಾಂಧಾರವೇ ಇಲ್ಲ. ಅದು ಸೇರಿದ ಕೂಡಲೇ ಹಾಡು ಖುಷಿ ಖುಷಿಯಾಗಿ ಕಾಲೇಜು ಬೀಳ್ಕೊಡುಗೆಗೆ ಹೊರಟ ಹಾಗೆ ಕೇಳುತ್ತದೆ. ಡಿ ಮೈನರ್ ಹಿಡಿದರೆ ಸುಮ್ಮಸುಮ್ಮನೆ ಅಳುತ್ತದೆ. ಹಿಡಿಯಬೇಕಾದ್ದು ಡಿ ಮತ್ತು ಎ ಮಾತ್ರ ಇರುವ ಡಿ-ಫೈವ್, ನಡುವೆ ಸಿ, ಬೇಕೆಂದರೆ ಎ ಮೈನರ್ ಸೆವೆನ್. ಈ ಮೂರರಲ್ಲೂ ಧಾಟಿಯ ಹೊರಗಿನ ಸ್ವರ ಒಂದೂ ಇಲ್ಲ. ಜಿ ಮೇಜರ್ ಬೇಡ, ಅದರಲ್ಲಿರುವ ಬಿ ಹೊರಗಿನದು.

ತಮಟೆ ಈ ಹಾಡಿಗೆ ಅಲಂಕಾರವಲ್ಲ. ಸಾವಿಗೆ, ಜಾತ್ರೆಗೆ, ಊರಿಗೆ ಡಂಗೂರ ಸಾರಲು ತಮಟೆ ಬಡಿಯುವ ಕೆಲಸವನ್ನು ದಲಿತ ಸಮುದಾಯಗಳ ಮೇಲೆ ಹೊರಿಸಿ, ಬಡಿದವರನ್ನು ಗುಡಿಯ ಹೊರಗೆ ನಿಲ್ಲಿಸಿದ ಚರಿತ್ರೆ ಆ ಚರ್ಮದಲ್ಲಿದೆ. ಅದೇ ವಾದ್ಯಕ್ಕಾಗಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೀಬೋರ್ಡಿನ ಲೂಪು (ಮತ್ತೆ ಮತ್ತೆ ತಿರುಗುವ ಸಿದ್ಧ ತಾಳ) ಹಾಕಿ ಕೆಲಸ ಮುಗಿಸಬಹುದಿತ್ತು, ಆದರೆ ಸಿಗುವ ಲೂಪುಗಳಲ್ಲಿ ಹೆಚ್ಚಿನವು ಉತ್ತರ ಭಾರತದ ಢೋಲಿನವು. ದನಿಯೂ ಬೇರೆ, ನಡೆಯೂ ಬೇರೆ.

ತಮಟೆಯನ್ನು ಕಾಯಿಸದೆ ಬಾರಿಸುವಂತಿಲ್ಲ. ಸುಮಾರು ಒಂದೂವರೆ ಅಡಿ ಅಗಲದ ಬಳೆಗೆ ಬಿಗಿದ ಚರ್ಮ ಗಾಳಿಯ ತೇವ ಹೀರಿ ಸಡಿಲವಾಗುತ್ತದೆ. ಬೆಂಕಿ ತೋರಿಸಿದರೆ ತೇವ ಆರಿ, ಚರ್ಮ ಕುಗ್ಗಿ, ದನಿ ಏರುತ್ತದೆ. ಒಣಹುಲ್ಲು, ತೆಂಗಿನ ಗರಿ, ರದ್ದಿ ಕಾಗದ ಯಾವುದಾದರೂ ಆದೀತು. ಬೇಕಾದ್ದು ಉರಿಯ ಝಳ, ಹೊಗೆಯಲ್ಲ. ಚರ್ಮವನ್ನು ಉರಿಯಿಂದ ಒಂದು ಗೇಣಿಗಿಂತ ಹತ್ತಿರ ಹಿಡಿಯದೆ, ತಿರುಗಿಸುತ್ತಲೇ ಇರಬೇಕು. ಒಂದೇ ಕಡೆ ಕಾದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ. ಬೆರಳ ಗೆಣ್ಣಿನಿಂದ ನಾಲ್ಕು ಕಡೆ ತಟ್ಟಿ ನೋಡಿ, ದನಿ ಎಲ್ಲ ಕಡೆ ಒಂದೇ ಇದ್ದರೆ ಹದ ಬಂತು.

ಸ್ಟುಡಿಯೋದ ತೊಂದರೆ ಶುರುವಾಗುವುದು ಇಲ್ಲಿಯೇ. ಒಳಗೆ ಬೆಂಕಿ ಹಚ್ಚುವಂತಿಲ್ಲ. ಹೊರಗೆ ಕಾಯಿಸಿ ಒಳಗೆ ತಂದರೆ ಚರ್ಮ ಮತ್ತೆ ತೇವ ಹೀರಲು ಶುರುಮಾಡುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಹಾಡು ಮುಗಿಯುವ ಹೊತ್ತಿಗೆ ದನಿ ಇಳಿದಿರುತ್ತದೆ. ಮೊದಲ ಟೇಕಿನ (ಒಂದು ಸಲದ ಮುದ್ರಣದ) ಪಲ್ಲವಿಗೆ ಮೂರನೇ ಟೇಕಿನ ಚರಣವನ್ನು ಅಂಟಿಸಿದರೆ ಹೊಲಿಗೆ ಕಿವಿಗೆ ಸಿಕ್ಕಿಬೀಳುತ್ತದೆ. ದಾರಿ ಇದು: ಎರಡು ಮೂರು ತಮಟೆ ಇಟ್ಟುಕೊಳ್ಳಿ, ಒಂದು ಒಳಗಿರುವಾಗ ಇನ್ನೊಂದು ಹೊರಗೆ ಬೆಂಕಿಗೆ ಕಾಯುತ್ತಿರಲಿ. ಪ್ರತಿ ಟೇಕಿನ ಹೆಸರಿನಲ್ಲೇ ಯಾವ ತಮಟೆ, ಎಷ್ಟನೇ ಕಾವು ಎಂದು ಬರೆದಿಡಿ. ಒಂದೇ ಕಾವಿನ ತುಂಡುಗಳನ್ನು ಮಾತ್ರ ಸೇರಿಸಿ. ಹೊರಗೆ ಜಾಗವಿಲ್ಲದಿದ್ದರೆ ರೂಮ್ ಹೀಟರ್ ಅಥವಾ ಹೇರ್ ಡ್ರೈಯರ್ ನಡೆಯುತ್ತದೆ, ನಿಧಾನ ಅಷ್ಟೇ. ಫೈಬರ್ ತಮಟೆಗೆ ಈ ತಾಪತ್ರಯವಿಲ್ಲ. ಮೆರವಣಿಗೆಗೆ ಅದು ಒಳ್ಳೆಯದೇ, ಆದರೆ ಮೈಕಿನ ಮುಂದೆ ಅದರ ದನಿ ತಗಡಿನ ಕಡೆ ವಾಲುತ್ತದೆ.

ಹತ್ತಿರದಿಂದ ತಮಟೆಯ ಪೆಟ್ಟು 100 ಡೆಸಿಬಲ್ ದಾಟುತ್ತದೆ. ಬಾರಿಸುವವರೂ ಪಕ್ಕದಲ್ಲಿರುವವರೂ ಕಿವಿಗೆ ಏನಾದರೂ ಹಾಕಿಕೊಳ್ಳುವುದು ಒಳ್ಳೆಯದು. ಶ್ಯೂರ್ ಎಸ್‌ಎಂ 57ರಂಥ ಡೈನಾಮಿಕ್ ಮೈಕನ್ನು (ಜೋರು ದನಿ ತಡೆಯುವ ಗಟ್ಟಿ ಮೈಕು) ಒಂದು ಅಡಿ ದೂರದಲ್ಲಿ, ನಡುವಿಗಲ್ಲ, ಅಂಚಿಗೂ ನಡುವಿಗೂ ಮಧ್ಯೆ ಗುರಿಯಿಟ್ಟು ನಿಲ್ಲಿಸಿ. ಚರ್ಮದ ಹಿಂದಿನಿಂದ ಇನ್ನೊಂದು ಮೈಕು ಇಟ್ಟರೆ ಅದರ ಫೇಸ್ (ದನಿಯ ಅಲೆಯ ಏರಿಳಿತ) ತಿರುಗಿಸಲು ಮರೆಯಬೇಡಿ, ಇಲ್ಲದಿದ್ದರೆ ಎರಡೂ ಸೇರಿ ತಳದ ದನಿಯನ್ನೇ ನುಂಗುತ್ತವೆ. ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಜ್. ಅತಿ ಜೋರು ಪೆಟ್ಟು ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ಹತ್ತಿರ ನಿಂತರೆ ಸಾಕು. ಇಂಜಿನಿಯರ್ ‘ಸ್ವಲ್ಪ ಮೆಲ್ಲಗೆ ಬಾರಿಸಿ’ ಅಂದರೆ ಒಪ್ಪಬೇಡಿ. ಮೆಲ್ಲಗೆ ಬಾರಿಸಿದ ತಮಟೆ ಬೇರೆಯೇ ವಾದ್ಯ. ತಗ್ಗಿಸಬೇಕಾದ್ದು ಗೇನನ್ನು, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟವನ್ನು. ತಮಟೆಯವರು ಹೆಜ್ಜೆ ಹಾಕುತ್ತಾ ಬಾರಿಸುತ್ತಾರೆ, ಕಟ್ಟಿಹಾಕಿದಂತೆ ನಿಲ್ಲಿಸಿದರೆ ನಡೆ ಸತ್ತುಹೋಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆದು ಅದರೊಳಗೆ ಆಡಲು ಬಿಟ್ಟೆವು.

ವೇಗ ನಿಮಿಷಕ್ಕೆ 100 ಬೀಟು, ಒಂದು ಬೀಟಿಗೆ ಎರಡು ಮಾತ್ರೆ. ಎಂಟು ಮಾತ್ರೆಯ ಒಂದು ಸುತ್ತಿಗೆ 2.4 ಸೆಕೆಂಡ್, ಪಲ್ಲವಿ ಒಂದು ಸಲ ಬರಲು 9.6 ಸೆಕೆಂಡ್. ಕ್ಲಿಕ್ ಅನ್ನು (ವೇಗ ತೋರಿಸಲು ಕಿವಿಗೆ ಕೊಡುವ ಟಿಕ್ ಟಿಕ್ ದನಿ) ಶುರುವಿನ ಎರಡು ಸುತ್ತಿಗೆ ಮಾತ್ರ ಕೊಟ್ಟು ನಿಲ್ಲಿಸಬೇಕು. ಪೂರ್ತಿ ಕೊಟ್ಟರೆ ತಮಟೆಯವರು ಹಾಡನ್ನು ಬಿಟ್ಟು ಕ್ಲಿಕ್ಕನ್ನೇ ಬೆನ್ನಟ್ಟುತ್ತಾರೆ. ಕೊನೆಯ ಪಲ್ಲವಿಗೆ ವೇಗ ಐದಾರು ಏರುವುದು ಸಹಜ, ಅದನ್ನು ಕಂಪ್ಯೂಟರಿನಲ್ಲಿ ‘ಸರಿ’ ಮಾಡಬಾರದು. ಗಾಯಕರೂ ಅದೇ ಕೋಣೆಯಲ್ಲಿ, ಅದೇ ಹೊತ್ತಿಗೆ ಹಾಡಿದರು. ಅದಕ್ಕೆ ದನಿಗೂ ಡೈನಾಮಿಕ್ ಮೈಕೇ ಬೇಕು, ಮೈಕಿನ ಬೆನ್ನು ತಮಟೆಯ ಕಡೆಗಿರಬೇಕು. ಸಣ್ಣ ದನಿಯನ್ನೂ ಹಿಡಿಯುವ ಕಂಡೆನ್ಸರ್ ಮೈಕು ಇಟ್ಟರೆ ದನಿಗಿಂತ ತಮಟೆಯೇ ಹೆಚ್ಚು ತುಂಬಿಕೊಳ್ಳುತ್ತದೆ. ಗಿಟಾರನ್ನು ಆಮೇಲೆ ಸೇರಿಸಿದ್ದು.

ಮಿಕ್ಸಿಂಗಿನಲ್ಲಿ ಜಗಳ ನಡೆಯುವುದು ಒಂದೇ ಬೀದಿಯಲ್ಲಿ: 2ರಿಂದ 5 ಕಿಲೋಹರ್ಟ್ಜ್. ತಮಟೆಯ ಚಟ್ ಎಂಬ ಅಂಚೂ ಅಲ್ಲಿ, ಕನ್ನಡದ ತ, ದ, ಕ, ಚ ವ್ಯಂಜನಗಳ ಅಂಚೂ ಅಲ್ಲಿ. ಹಾಗೇ ಬಿಟ್ಟರೆ ‘ಕೇರಿ ಯಾವ್ದಂದ್ರು’ ಎಂಬುದು ‘ಏರಿ ಯಾವಂರು’ ಎಂದು ಕೇಳುತ್ತದೆ. ದನಿ ಇರುವ ಕಡೆ ಮಾತ್ರ ತಮಟೆಯಿಂದ 3 ಕಿಲೋಹರ್ಟ್ಜ್ ಸುತ್ತ ಸುಮಾರು 3 ಡೆಸಿಬಲ್ ತಗ್ಗುವಂತೆ ಡೈನಾಮಿಕ್ ಇಕ್ಯೂ (ಬೇಕಾದಾಗ ಮಾತ್ರ ಆ ಭಾಗದ ದನಿಯನ್ನು ತಗ್ಗಿಸುವ ಸಾಧನ) ಕಟ್ಟಿದರೆ ಎರಡೂ ಬದುಕುತ್ತವೆ. ದನಿಗೆ 90 ಹರ್ಟ್ಜ್ ಕೆಳಗೆ ಕತ್ತರಿ. ತಮಟೆಗೆ ಕಂಪ್ರೆಸರ್ (ಜೋರು ದನಿಯನ್ನು ಅದುಮುವ ಸಾಧನ) ಹಾಕುವುದಾದರೆ ಅದರ ಅಟ್ಯಾಕ್, ಅಂದರೆ ಹಿಡಿಯುವ ಮೊದಲಿನ ಬಿಡುವು, 20ರಿಂದ 30 ಮಿಲಿಸೆಕೆಂಡ್ ಬಿಡಿ, ಬೇಗ ಹಿಡಿದರೆ ಪೆಟ್ಟೇ ಚಪ್ಪಟೆ. ದೊಡ್ಡ ಸಭಾಂಗಣದ ಹಾಗೆ ಮೊಳಗುವ ರಿವರ್ಬ್ ಬೇಡ. ಇದು ಗೇಟಿನ ಹತ್ತಿರದ ಮಾತುಕತೆ, ಒಣದಾಗಿಯೇ ಇರಲಿ. ಆಟೋಟ್ಯೂನ್ ಕೂಡ ಬೇಡ. ‘ಅಂದ್ರು’ ಎಂಬಲ್ಲಿ ಓನರಿನ ರಾಗ ಜಾರುತ್ತದಲ್ಲ, ಅದನ್ನು ಅದು ತಪ್ಪೆಂದು ತಿಳಿದು ನೇರ ಮಾಡುತ್ತದೆ. ವ್ಯಂಗ್ಯ ಇರುವುದು ಆ ಜಾರಿನಲ್ಲಿಯೇ. ಕೊನೆಗೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ, ಕೇಳುಗರಲ್ಲಿ ಹೆಚ್ಚಿನವರಿಗೆ ಹಾಡು ವಾಟ್ಸಾಪಿನಲ್ಲಿ ತಲುಪುತ್ತದೆ. ತಳದ ದನಿ ಅಲ್ಲಿ ಬರುವುದೇ ಇಲ್ಲ, ಆದರೂ ಒಂದೊಂದು ಪದ ಬಿಡಿಬಿಡಿಯಾಗಿ ಕೇಳಬೇಕು. ಒಟ್ಟು ಹಾಡಿನ ಜೋರು ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಹತ್ತಿರ, ಅತಿ ಎತ್ತರದ ತುದಿ ಮೈನಸ್ 1 ಡೆಸಿಬಲ್.

ಕಾಗದಪತ್ರವನ್ನು ಬಿಡುಗಡೆಗೆ ಮೊದಲೇ ಮುಗಿಸಬೇಕು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕು. ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಬೇರೆ. ಯಾರಿಗೆ ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ತಮಟೆಯವರಿಗೆ ‘ದಿನದ ಕೂಲಿ’ ಕೊಟ್ಟು, ಹೆಸರಿನ ಜಾಗದಲ್ಲಿ ‘ತಾಳವಾದ್ಯ ತಂಡ’ ಎಂದು ಬರೆಯುವ ರೂಢಿ ಇದೆ. ಜಾತಿಯ ಬಗ್ಗೆ ಹಾಡು ಮಾಡಿ ಅದರ ಕೆಳಗೆ ಹೀಗೆ ಬರೆದರೆ ಹಾಡನ್ನು ಹರಿದು ಹಾಕುವುದು ವಾಸಿ. ಇಬ್ಬರ ಪೂರ್ತಿ ಹೆಸರು, ಗಿಟಾರಿನವರಿಗೆ ಕೊಟ್ಟಷ್ಟೇ ಸಂಭಾವನೆ, ಧಾಟಿಯ ನಡೆ ಅವರು ಹಾಕಿದ್ದರಿಂದ ಸಂಗೀತದಲ್ಲೂ ಪಾಲು. ಡಿಸ್ಟ್ರಿಬ್ಯೂಟರಿಗೆ (ಹಾಡನ್ನು ಆನ್‌ಲೈನ್ ತಾಣಗಳಿಗೆ ತಲುಪಿಸುವವರು) ಹಾಡು ಏರಿಸುವಾಗ ಆ ರೆಕಾರ್ಡಿಂಗಿನ ಗುರುತಾಗಿ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಭಾಷೆಯ ಜಾಗದಲ್ಲಿ ಕನ್ನಡ ಆರಿಸಿ, ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ಕೊಡಿ. ಊರಿನ ಹಳೆಯ ಧಾಟಿಯನ್ನು ಹಾಗೇ ತೆಗೆದುಕೊಂಡಿದ್ದರೆ ಯೂಟ್ಯೂಬಿನಲ್ಲಿ ಬೇರೆ ಯಾರದೋ ಹಕ್ಕಿನ ತಗಾದೆ ಬರಬಹುದು, ಆಗ ಈ ಸಹಿ ಮಾಡಿದ ಹಾಳೆಯೂ ಮೂಲ ರೆಕಾರ್ಡಿಂಗೂ ಕೈಗೆ ಸಿಗುವಂತಿರಬೇಕು.

ವೇದಿಕೆಗೆ ಬಂದಾಗ ಮೊದಲು ನೋಡಬೇಕಾದ್ದು ತಮಟೆಯವರು ಎಲ್ಲಿ ನಿಲ್ಲುತ್ತಾರೆ ಎಂಬುದು. ‘ಸೌಂಡು ಜಾಸ್ತಿ, ಕೆಳಗೆ ನಿಂತ್ಕೊಳ್ಳಿ’ ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಕಾರಣ ನಿಜಕ್ಕೂ ಸೌಂಡೇ ಇರಬಹುದು, ಆದರೆ ನೋಡುವವರ ಕಣ್ಣಿಗೆ ಕಾಣುವುದು ಹಳೆಯ ಚಿತ್ರವೇ. ಗಾಯಕರ ಎಡಬಲಕ್ಕೆ, ಮುಂದಿನ ಸಾಲಿನಲ್ಲೇ ನಿಲ್ಲಿಸಿ. ಇದನ್ನು ಒಪ್ಪುವಾಗಲೇ ಹೇಳಿಬಿಡಬೇಕು, ವೇದಿಕೆ ಹತ್ತಿದ ಮೇಲೆ ಹೇಳಿದರೆ ಗಲಾಟೆ. ಕಾಯಿಸುವ ಬೆಂಕಿ ಶಾಮಿಯಾನದಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ, ಪಕ್ಕದಲ್ಲಿ ಒಂದು ಬಕೆಟ್ ನೀರು. ಮೈಕಿಗೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ತಡೆ ಇದೆ. ಭಾಷಣಗಳು ಉದ್ದವಾಗಿ ಹಾಡು ಕೊನೆಗೆ ಹೋದರೆ ಇದೇ ನೆಪದಲ್ಲಿ ಕತ್ತರಿ ಬೀಳುವುದೂ ಹಾಡಿಗೇ. ಶುರುವಿನಲ್ಲೇ ಸಮಯ ಕೇಳಿಕೊಳ್ಳಿ.

ಚಪ್ಪಾಳೆಯ ಲೆಕ್ಕವನ್ನೂ ಹಾಕಬೇಕು. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಹಿಂದೆ ಕೂತವರಿಗೆ ಹಾಡು 0.1 ಸೆಕೆಂಡ್ ತಡವಾಗಿ ತಲುಪಿ, ಅವರ ಚಪ್ಪಾಳೆ ವಾಪಸು ವೇದಿಕೆಗೆ ಬರುವಷ್ಟರಲ್ಲಿ 0.2 ಆಗಿರುತ್ತದೆ. ಈ ಹಾಡಿನ ಒಂದು ಮಾತ್ರೆ 0.3 ಸೆಕೆಂಡ್. ಹಿಂದಿನ ಸಾಲಿನ ಚಪ್ಪಾಳೆ ಕೇಳಿಕೊಂಡು ಹಾಡಿದರೆ ಒಂದು ಮಾತ್ರೆಯ ಮೂರರಲ್ಲಿ ಎರಡು ಪಾಲು ಹಿಂದೆ ಬಿದ್ದು ಲಯ ಹೋಯಿತೆಂದೇ ಲೆಕ್ಕ. ಗಾಯಕರ ಕಣ್ಣು ತಮಟೆಯ ಕಡ್ಡಿಯ ಮೇಲಿರಬೇಕು. ಹಳ್ಳಿಗಳಲ್ಲಿ ಹಾರ್ನ್ ಸ್ಪೀಕರ್ ಸಿಕ್ಕಿದರೆ ಬೇಸರಪಡಬೇಡಿ, ತಮಟೆಯ ತಳ ಅದರಲ್ಲಿ ಕೇಳುವುದಿಲ್ಲ, ಪದ ಮಾತ್ರ ಕಾಲೇಜು ಸಭಾಂಗಣದ ದೊಡ್ಡ ಸ್ಪೀಕರಿಗಿಂತ ಸ್ಪಷ್ಟ. ತಮಟೆಯ ಮೈಕನ್ನು ಆಫ್ ಮಾಡಿಬಿಡಿ, ಅದು ನೇರವಾಗಿಯೇ ತಲುಪುತ್ತದೆ.

ಬೇರೆ ಜಿಲ್ಲೆಯ ತಂಡಗಳು ಹಾಡುವಾಗ ‘ಕೋಲಾರ’ ಜಾಗದಲ್ಲಿ ತಮ್ಮ ಊರು ಹಾಕಿಕೊಳ್ಳುವುದು ಒಳ್ಳೆಯದು, ಬೇಕಾದ್ದು ಐದು ಮಾತ್ರೆ, ಎರಡು ಮತ್ತು ಮೂರಾಗಿ ಒಡೆಯುವಂಥವು. ರಾಯ್ಚೂರು, ಹಾವೇರಿ, ಮೈಸೂರು, ತುಮ್ಕೂರು, ಗುಲ್ಬರ್ಗ ಹಾಗೇ ಕೂರುತ್ತವೆ. ಬೀದರ್‌ನಲ್ಲಿ ನಾಲ್ಕೇ ಮಾತ್ರೆ, ಅಲ್ಲಿಯವರು ಆಡುವ ಹಾಗೆ ‘ಬೀದರ್ರು’ ಎಂದು ಎಳೆದರೆ ಸರಿ. ಕೊಡಗಿಗೆ ಮೂರು, ಮುಂದೆ ‘ನಂ’ ಸೇರಿಸಿಕೊಳ್ಳಿ. ಮಂಡ್ಯಕ್ಕೂ ಮೂರೇ, ಅಲ್ಲಿಯವರು ಮದ್ದೂರು ಎಂದು ಹಾಡಬಹುದು.